ಮುಳ್ಳಿನ ತೂಕ

ಕನ್ನಡದಲ್ಲಿ 'ಮುಳ್ಳು' ಎಂಬ ಮಾತಿಗೆ ಅರ್ಥಗಳು ಹಲವು. ಕಾಲಿಗೆ ಚುಚ್ಚುವುದೂ ಮುಳ್ಳೇ; ಗಡಿಯಾರದಲ್ಲಿ ಹೊತ್ತನ್ನು ತೋರಿಸುವುದೂ ಮುಳ್ಳೇ; ತಕ್ಕಡಿಯ ನಡುವೆ ನಿಂತು, ಎರಡು ತಟ್ಟೆಗಳೂ ಸಮವಾದುವೆಂದು ಸಾರುವುದೂ ಮುಳ್ಳೇ. ಗ್ರಾಮಫೋನು ನಮ್ಮ ನಾಡಿಗೆ ಬಂದ ಮೇಲೆ, ತಿರುಗುವ ತಟ್ಟೆಯ ಜಾಡಿನಲ್ಲಿ ಓಡಿ ಹಾಡನ್ನು ಹೊರಡಿಸುವ ಸೂಜಿಗೂ ಜನರು ಅದೇ ಹೆಸರನ್ನು ಕೊಟ್ಟರು. ಈ ಕೊನೆಯ ಎರಡು ಮುಳ್ಳುಗಳಿಗೆ, ಎಂದರೆ ತಕ್ಕಡಿಯ ಮುಳ್ಳಿಗೂ ಗ್ರಾಮಫೋನಿನ ಮುಳ್ಳಿಗೂ, ಇರುವ ನಂಟನ್ನು ಕುರಿತು ಈ ಸಂಜೆ ಶ್ರೋತೃಗಳೊಡನೆ ನಾಲ್ಕು ಮಾತನಾಡಬೇಕೆಂಬುದು ನಮ್ಮ ಅಪೇಕ್ಷೆ.

ಈ ವಿಷಯವು ನಮಗೆ ದೊರೆತದ್ದು ದಾವಣಗೆರೆಯಲ್ಲಿ. ಅಲ್ಲಿಯ ಚೌಕಿಪೇಟೆಯ ಹಳೆಯ ಮನೆಯೊಂದಕ್ಕೆ ಕೆಲವು ದಿನಗಳ ಹಿಂದೆ ನಾವು ಹೋಗಬೇಕಾಯಿತು. ಮನೆಯ ಯಜಮಾನರು ಒಂದು ಕಾಲದಲ್ಲಿ ಹತ್ತಿಯ ದಲಾಲಿ ಮಂಡಿಯನ್ನು ನಡೆಸಿದವರು. ಅವರ ತಂದೆಯವರು ಕೊಂಡಿಟ್ಟ ಗ್ರಾಮಫೋನು ತಟ್ಟೆಗಳು ಒಂದು ಮರದ ಪೆಟ್ಟಿಗೆಯ ತುಂಬ ಇದ್ದುವು. ಯಜಮಾನರೇ ತಮ್ಮ ಯೌವನದಲ್ಲಿ ಕೊಂಡ ದೀರ್ಘಾವಧಿಯ ತಟ್ಟೆಗಳು ಇನ್ನೊಂದು ಪೆಟ್ಟಿಗೆಯಲ್ಲಿ. ಮೊಮ್ಮಗಳು ಹೊಸದಾಗಿ ಒಂದು ತಿರುಗುಯಂತ್ರವನ್ನು ತರಿಸಿದ್ದಳು. ಅದರ ತೋಳಿನ ತುದಿಯಲ್ಲಿ, ಮುಳ್ಳಿನ ಮೇಲುಗಡೆ, ಯಜಮಾನರು ಒಂದು ನಾಲ್ಕಾಣೆಯ ನಾಣ್ಯವನ್ನು ಅಂಟಿಸಿದ್ದರು. ಕೇಳಿದ್ದಕ್ಕೆ, “ಮುಳ್ಳು ಹಾರ್ತಿತ್ರೀ, ಅದಕ್ಕೆ ಸ್ವಲ್ಪ ಭಾರ ಇಟ್ಟೆ” ಎಂದರು. ಮೊಮ್ಮಗಳ ಆಕ್ಷೇಪ ಬೇರೆ: “ಹಗುರ ಆದಷ್ಟೂ ತಟ್ಟೆಗೆ ಒಳ್ಳೇದಲ್ವಾ? ಅಜ್ಜಾರು ಕೇಳೋದೇ ಇಲ್ಲ.” ಇಬ್ಬರೂ ನಮ್ಮ ಮುಖವನ್ನು ನೋಡಿದರು. ಆ ಪ್ರಶ್ನೆಗೆ ಉತ್ತರವನ್ನು ಹೇಳಬೇಕಾದರೆ ಸುಮಾರು ನೂರಿಪ್ಪತ್ತು ವರ್ಷಗಳ ಇತಿಹಾಸವನ್ನೇ ಹೇಳಬೇಕಾಗುವುದು.

ಮೊದಲು ಸ್ಥಳದ ಮಾತು. ದಾವಣಗೆರೆಯು ತೂಕದಿಂದ ಬಾಳಿದ ಊರು. ಸುತ್ತಣ ಎರೆಯ ಭೂಮಿಯ ಹತ್ತಿಯು ಗಾಡಿಗಳ ಮೇಲೆ ಇಲ್ಲಿಗೆ ಬಂದು, ತೂಗಿಸಿಕೊಂಡು, ಬೆಲೆ ಕಟ್ಟಿಸಿಕೊಂಡು ಮುಂದೆ ಸಾಗುತ್ತಿತ್ತು. ಆಮೇಲೆ ಎದ್ದ ಹತ್ತಿಯ ಗಿರಣಿಗಳಿಂದ ಈ ಊರಿಗೆ ಕರ್ನಾಟಕದ ಮ್ಯಾಂಚೆಸ್ಟರೆಂಬ ಹೆಸರೂ ಬಂದಿತು. ಇಲ್ಲಿಂದ ಮೂರು ಹರದಾರಿಯಷ್ಟು ದೂರದಲ್ಲಿ, ತುಂಗಭದ್ರೆಯ ದಡದ ಮೇಲೆ, ಹರಿಹರ. ಅದು ಅಂದಿನ ಮೈಸೂರು ಸಂಸ್ಥಾನದ ಗಡಿಯ ಊರು. ಹೊಳೆಯ ಆಚೆಯದು ಮುಂಬಯಿ ಆಧಿಪತ್ಯದ ಧಾರವಾಡ ಜಿಲ್ಲೆ. ೧೮೮೯ರಲ್ಲಿ ಗುಬ್ಬಿಯಿಂದ ಹರಿಹರದವರೆಗೆ ರೈಲುದಾರಿಯು ತೆರೆದ ಮೇಲೆ, ಆಚೆಯ ಹುಬ್ಬಳ್ಳಿ ಗದಗುಗಳಿಗೂ ಈಚೆಯ ತುಮಕೂರು ಬೆಂಗಳೂರುಗಳಿಗೂ ಈ ಎರಡು ಊರುಗಳು ನಡುಮನೆಯಂತಾದುವು. ಸರಕು ಬಂದ ದಾರಿಯಲ್ಲಿಯೇ ಸಂಗೀತವೂ ಬರುವುದುಂಟು. ನಾಟಕದ ಮಂಡಳಿಗಳು ಈ ದಾರಿಯಲ್ಲಿಯೇ ಡೇರೆ ಹೊತ್ತು ತಿರುಗಿದುವು. ದಾವಣಗೆರೆಯಲ್ಲಿಯೇ ಚಿಂದೋಡಿ ವೀರಪ್ಪನವರ ಮಂಡಳಿಯು ಹುಟ್ಟಿ ನಾಡಿನಲ್ಲೆಲ್ಲಾ ಹೆಸರಾಯಿತು. ೧೯೩೦ರ ದಶಕದಲ್ಲಿ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರ ಕಂಠವು 'ಗಾಂಧಾರಿ' ಎಂಬ ಹೆಸರಿನಲ್ಲಿ ತಟ್ಟೆಯ ಮೇಲೆ ಬಂದಿತು. ಮಲ್ಲಿಕಾರ್ಜುನ ಮನಸೂರರ ತಟ್ಟೆಗಳೂ ಆ ದಶಕದಲ್ಲಿ ಬಂದುವು. ಒಂದು ಸರ್ಕಾರದ ಸೀಮೆಯಲ್ಲಿ ಹಾಡಿದವರನ್ನು ಇನ್ನೊಂದು ಸರ್ಕಾರದ ಸೀಮೆಯ ಮನೆಗಳಲ್ಲಿ ಕೂರಿಸಿದ್ದು ಈ ತಟ್ಟೆ. ಎರಡು ದಡಗಳೂ ಒಂದೇ ರಾಜ್ಯಕ್ಕೆ ಸೇರಿದ್ದು ೧೯೫೬ರಲ್ಲಿ. ಕಿವಿಗಳು ಅದಕ್ಕೆ ಬಹು ಮೊದಲೇ ಸೇರಿದ್ದುವು.

ಇನ್ನು ಯಂತ್ರದ ಮಾತು. ಎಡಿಸನ್ನನು ೧೮೭೭ರಲ್ಲಿ ತವರದ ಹಾಳೆಯ ಮೇಲೆ ಧ್ವನಿಯನ್ನು ಹಿಡಿದನು. ಬರ್ಲಿನರನು ೧೮೮೭ರಲ್ಲಿ ಉರುಳೆಯನ್ನು ಬಿಟ್ಟು ಚಪ್ಪಟೆಯಾದ ತಟ್ಟೆಯನ್ನು ಹಿಡಿದನು. ೧೯೦೨ನೆಯ ನವೆಂಬರಿನಲ್ಲಿ ಗೈಸ್‌ಬರ್ಗನೆಂಬ ಧ್ವನಿಮುದ್ರಕನು ಕಲ್ಕತ್ತೆಗೆ ಬಂದು ಗೌಹರ್ ಜಾನ್ ಮೊದಲಾದವರ ಹಾಡುಗಳನ್ನು ಹಿಡಿದುಕೊಂಡು ಹೋದನು. ಮೂರು ನಿಮಿಷದಷ್ಟು ಹಾಡಿ, ಕೊನೆಯಲ್ಲಿ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ಕೂಗಿ ಹೇಳಿದ ಈ ಗೌಹರ್ ಜಾನಳೇ ೧೯೨೮ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರ ಆಸ್ಥಾನದ ಗಾಯಕಿಯಾಗಿ ಮೈಸೂರಿಗೆ ಬಂದು, ೧೯೩೦ನೆಯ ಜನವರಿಯಲ್ಲಿ ಇಲ್ಲಿಯೇ ಕಾಲವಾದಳು. ಆಕೆಯು ಹಾಡಿದ್ದು ಗಾಳಿಗೆ ಹೋಯಿತು. ಆಕೆಯ ಧ್ವನಿಯಲ್ಲಿ ಉಳಿದದ್ದು ತಟ್ಟೆಯ ಜಾಡಿನಲ್ಲಿರುವಷ್ಟು ಮಾತ್ರ. ಆ ಜಾಡನ್ನು ಓದುವ ಮುಳ್ಳು ಅದನ್ನು ಸವೆಸುವುದೂ ಉಂಟೆಂದ ಮೇಲೆ, ಆ ಮುಳ್ಳಿನ ಮೇಲೆ ಎಷ್ಟು ಭಾರವಿರಬೇಕು ಎಂಬುದು ಅಲ್ಪ ವಿಷಯವಲ್ಲ.

ಆ ಕಾಲದ ಗ್ರಾಮಫೋನಿನಲ್ಲಿ ಮುಳ್ಳಿನ ಮೇಲಿದ್ದ ಭಾರವೆಷ್ಟು? ನೂರು ಗ್ರಾಮಿಗೆ ಕಡಿಮೆಯಿಲ್ಲ. ನೂರೈವತ್ತರ ಆಸುಪಾಸಿನವೂ ಇದ್ದುವು. ನಮ್ಮ ಹಿರಿಯರ ಲೆಕ್ಕದಲ್ಲಿ ಹೇಳುವುದಾದರೆ, ಹಿಂದಿನ ಬೆಳ್ಳಿಯ ರೂಪಾಯಿಯು ಸರಿಯಾಗಿ ಒಂದು ತೊಲ ತೂಗುತ್ತಿತ್ತು. ಎಂದರೆ ಹನ್ನೊಂದೂ ಮುಕ್ಕಾಲು ಗ್ರಾಮಿಗೆ ತುಸು ಕಡಿಮೆ. ಅಂಥ ಹತ್ತು ರೂಪಾಯಿಗಳನ್ನು ಒಂದರ ಮೇಲೊಂದು ಪೇರಿಸಿ ಒಂದು ಸೂಜಿಯ ಮೊನೆಯ ಮೇಲೆ ನಿಲ್ಲಿಸಿದಂತೆ! ಇದನ್ನು ಕೇಳಿದ ಕೂಡಲೇ, 'ಅಯ್ಯೋ, ಹಿಂದಿನವರು ಎಷ್ಟು ಒರಟರು' ಎಂದು ಅನ್ನಿಸುವುದು ಸಹಜ. ಆದರೆ ಅದು ನ್ಯಾಯವಲ್ಲ. ಆ ಯಂತ್ರದಲ್ಲಿ ವಿದ್ಯುತ್ತಿರಲಿಲ್ಲ. ಕೀ ಕೊಟ್ಟ ಸುರುಳಿಯು ತಟ್ಟೆಯನ್ನು ತಿರುಗಿಸುತ್ತಿತ್ತು. ಕೋಣೆಯನ್ನೆಲ್ಲಾ ತುಂಬುವ ಧ್ವನಿಯ ಬಲವೆಲ್ಲಾ ಜಾಡಿನ ಗೋಡೆಯು ಮುಳ್ಳನ್ನು ಅಲುಗಿಸಿದ ಬಲವೇ ಆಗಿತ್ತು. ಮುಳ್ಳು ಅಭ್ರಕದ ತೆಳುಬಿಲ್ಲೆಯನ್ನು ನಡುಗಿಸಬೇಕು. ಬಿಲ್ಲೆಯು ಕಹಳೆಯೊಳಗಿನ ಗಾಳಿಯನ್ನು ನಡುಗಿಸಬೇಕು. ಇಷ್ಟು ಕೆಲಸವನ್ನು ಮಾಡುವ ಮುಳ್ಳನ್ನು ಜಾಡಿನಲ್ಲಿ ಬಿಗಿಯಾಗಿ ಹಿಡಿದಿಡಲು ಅಷ್ಟು ಭಾರವು ಬೇಕಾಗಿಯೇ ಇತ್ತು.

ಅದಕ್ಕೆ ತಕ್ಕಂತೆ ತಟ್ಟೆಯನ್ನೂ ಮಾಡಿದ್ದರು. ನಮ್ಮ ದೇಶದ ಮರಗಳ ಮೇಲೆ ಬೆಳೆಯುವ ಅರಗಿನಲ್ಲಿ ನುಣ್ಣಗೆ ಅರೆದ ಕಲ್ಲಿನ ಪುಡಿಯನ್ನು ಬೆರಸಿ ಒತ್ತಿದ ತಟ್ಟೆ ಅದು. ಆ ಕಲ್ಲಿನ ಪುಡಿಯು ಉಕ್ಕಿನ ಮುಳ್ಳನ್ನು ಮೊದಲ ಕೆಲವು ಸುತ್ತುಗಳಲ್ಲಿಯೇ ಸಾಣೆ ಹಿಡಿದು, ಜಾಡಿನ ಆಕಾರಕ್ಕೆ ತಿದ್ದಿಬಿಡುತ್ತಿತ್ತು. ಸವೆಯಬೇಕಾದದ್ದು ಮುಳ್ಳು, ಉಳಿಯಬೇಕಾದದ್ದು ತಟ್ಟೆ ಎಂಬುದು ಆ ಏರ್ಪಾಟಿನ ಮರ್ಮ. ಆದುದರಿಂದಲೇ ಒಂದು ಮುಳ್ಳಿಗೆ ಒಂದೇ ಹಾಡು ಎಂಬ ನಿಯಮವಿತ್ತು. ನೂರಾರು ಮುಳ್ಳುಗಳಿದ್ದ ಪುಟ್ಟ ತಗಡಿನ ಡಬ್ಬಿಗಳನ್ನು ಅಂಗಡಿಗಳಲ್ಲಿ ಮಾರುತ್ತಿದ್ದರು. ಕೆಲವರು ಬಿದಿರಿನ ಮುಳ್ಳನ್ನು ಬಳಸಿದರು. ಕಳ್ಳಿಯ ಮುಳ್ಳನ್ನೇ ಬಳಸಿದವರೂ ಉಂಟು. ನಮ್ಮ ಕನ್ನಡದ ಹೆಸರು ಅವರ ಪಾಲಿಗೆ ಅಕ್ಷರಶಃ ನಿಜವಾಯಿತು. ಆದರೆ ದುಡ್ಡಿನ ಆಸೆಗೆ ಒಂದೇ ಮುಳ್ಳಿನಿಂದ ಹತ್ತು ಹಾಡು ಕೇಳಿದವರ ಮನೆಗಳಲ್ಲಿ ಸವೆದು ಚೂಪಾದ ಅಂಚು ಉಳಿಯಾಗಿ, ತಟ್ಟೆಯ ಜಾಡನ್ನು ಬೂದು ಬಣ್ಣಕ್ಕೆ ತಿರುಗಿಸಿತು. ಚೌಕಿಪೇಟೆಯ ಆ ಪೆಟ್ಟಿಗೆಯಲ್ಲಿಯೂ ಅಂಥ ಬೂದು ತಟ್ಟೆಗಳನ್ನು ನಾವು ಕಂಡೆವು. ಮನೆಯವರು ಹೆಚ್ಚು ಪ್ರೀತಿಯಿಂದ ಕೇಳಿದ ತಟ್ಟೆಗಳೇ ಹೆಚ್ಚು ಬೂದಾಗಿರುವುದು ಇಂಥ ಪೆಟ್ಟಿಗೆಗಳ ದುಃಖದ ಸಂಗತಿ.

ಮುಂದಿನ ಬದಲಾವಣೆಗೆ ಎರಡು ಕಾರಣಗಳು. ಒಂದು ವಿದ್ಯುತ್ತು. ೧೯೨೫ರಿಂದ ವಿದ್ಯುತ್ತಿನ ಧ್ವನಿಮುದ್ರಣವು ಬಳಕೆಗೆ ಬಂದಿತು. ಮುಳ್ಳಿನ ಅಲುಗಾಟವನ್ನು ವಿದ್ಯುತ್ತಾಗಿ ಮಾರ್ಪಡಿಸಿ, ಅದನ್ನು ಬೇರೊಂದು ಯಂತ್ರದಿಂದ ಹಿಗ್ಗಿಸುವುದು ಸಾಧ್ಯವಾಯಿತು. ಕೋಣೆಯನ್ನು ತುಂಬುವ ಹೊರೆಯು ಮುಳ್ಳಿನ ಹೆಗಲಿನಿಂದ ಇಳಿಯಿತು. ಆದರೂ ಹಳೆಯ ಅಭ್ಯಾಸವು ಬೇಗ ಬಿಡದು. ವಿದ್ಯುತ್ತಿನ ಮೊದಲ ಮುಳ್ಳುಗಳೂ ಹಿಂದಿನವುಗಳಷ್ಟೇ ಭಾರವಾಗಿದ್ದುವು. ೧೯೩೮ರಲ್ಲಿ ಅಮೆರಿಕೆಯ ಹಾರ್ವರ್ಡ್ ವಿಶ್ವವಿದ್ಯಾಲಯದ ಹಂಟ್ ಮತ್ತು ಪಿಯರ್ಸ್ ಎಂಬ ವಿದ್ವಾಂಸರು, ಅಲುಗುವ ಭಾಗವು ಸಾಕಷ್ಟು ಹಗುರವೂ ಮೃದುವೂ ಆಗಿದ್ದರೆ ಐದು ಗ್ರಾಮಿನಷ್ಟು ಭಾರದಲ್ಲಿಯೂ ತಟ್ಟೆಯನ್ನು ಚೆನ್ನಾಗಿ ಓದಬಹುದೆಂದು ತೋರಿಸಿಕೊಟ್ಟರು. ಮುಳ್ಳಿನ ಮೇಲಿನ ಭಾರವನ್ನು ಇಳಿಸಬೇಕಾದರೆ ಮೊದಲು ಮುಳ್ಳಿಗೆ ಮೈಬಗ್ಗುವ ಗುಣವನ್ನು ಕೊಡಬೇಕು. ಇದು ಅವರ ಪಾಠ.

ಎರಡನೆಯ ಕಾರಣ, ದೀರ್ಘವಾದ ಸಂಗೀತದ ಹಸಿವು. ನಿಮಿಷಕ್ಕೆ ೭೮ ಸುತ್ತು ತಿರುಗುವ ತಟ್ಟೆಯ ಒಂದು ಮುಖದಲ್ಲಿ ಮೂರರಿಂದ ಐದು ನಿಮಿಷ ಮಾತ್ರ ಹಿಡಿಯುತ್ತಿತ್ತು. ಇದರ ಕಷ್ಟವನ್ನು ಬಲ್ಲ ರಸಿಕರೊಬ್ಬರು ನಮ್ಮ ಮೈಸೂರಿನ ಅರಮನೆಯಲ್ಲಿಯೇ ಇದ್ದರು. ಜಯಚಾಮರಾಜ ಒಡೆಯರವರು ಪಾಶ್ಚಾತ್ಯ ಸಂಗೀತದ ತಟ್ಟೆಗಳ ದೊಡ್ಡ ಭಂಡಾರವನ್ನು ಕೂಡಿಸಿದವರು. ಲಂಡನ್ನಿನಲ್ಲಿ ಬಡತನದಲ್ಲಿದ್ದ ರಷ್ಯದ ವಾಗ್ಗೇಯಕಾರ ಮೆಟ್ನರನ ಕೃತಿಗಳನ್ನು ಅವನ ಕೈಯಿಂದಲೇ ನುಡಿಸಿ ತಟ್ಟೆಗಳಿಗೆ ಇಳಿಸಲು ಇವರು ಹಣವನ್ನು ಒದಗಿಸಿದರು. ಅವನ ಪಿಯಾನೋ ಕನ್ಚರ್ಟೊಗಳು ೧೯೪೭ರಲ್ಲಿ ಹೀಗೆ ಮುದ್ರಿತವಾದುವು; ಮೂರನೆಯದನ್ನು ಅವನು ಮಹಾರಾಜರಿಗೇ ಅರ್ಪಿಸಿದನು. ಅರ್ಧ ಗಂಟೆಗೂ ಮೀರಿದ ಒಂದೊಂದು ಕೃತಿಯನ್ನು ನಾಲ್ಕು ನಾಲ್ಕು ನಿಮಿಷಕ್ಕೆ ತುಂಡರಿಸಿ, ತಟ್ಟೆಯ ಮೇಲೆ ತಟ್ಟೆಯನ್ನು ಇಟ್ಟು ಕೇಳಬೇಕಾಗಿತ್ತು. ನಮ್ಮ ರಾಗದ ವಿಸ್ತಾರದ ಗತಿಯೂ ಅದೇ. ಆಲಾಪನೆಯು ಕಣ್ಣು ಬಿಡುವಷ್ಟರಲ್ಲಿ ತಟ್ಟೆಯು ಮುಗಿಯುತ್ತಿತ್ತು.

ಇದಕ್ಕೆ ಪರಿಹಾರವು ೧೯೪೮ನೆಯ ಜೂನಿನಲ್ಲಿ ಅಮೆರಿಕೆಯ ಕೊಲಂಬಿಯ ಸಂಸ್ಥೆಯಿಂದ ಬಂದಿತು. ನಿಮಿಷಕ್ಕೆ ಮೂವತ್ತಮೂರೂ ಮೂರನೆಯ ಒಂದು ಸುತ್ತು. ಅರಗಿನ ಬದಲು ವಿನೈಲೆಂಬ ಮೃದುವಾದ ಪದಾರ್ಥ. ಕೂದಲೆಳೆಯಂಥ ಸೂಕ್ಷ್ಮವಾದ ಜಾಡು. ಒಂದು ಮುಖಕ್ಕೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು. ಅದರ ಜಾಡನ್ನು ನೇರವಾಗಿ ಬಿಡಿಸಿ ಹಾಸಿದರೆ ಅರ್ಧ ಕಿಲೋಮೀಟರಿಗೆ ಹತ್ತಿರವಾಗುವುದು. ಹಳೆಯ ಮುಳ್ಳಿನ ಮೊನೆಯು ಒಂದು ಅಂಗುಲದ ಸಾವಿರದಲ್ಲಿ ಮೂರು ಭಾಗದಷ್ಟು ತ್ರಿಜ್ಯದ ಗುಂಡು; ಹೊಸತರದು ಸಾವಿರದಲ್ಲಿ ಒಂದು ಭಾಗ. ಕಲ್ಲಿನ ಪುಡಿಯಿಲ್ಲದ ಈ ತಟ್ಟೆಯು ಮುಳ್ಳನ್ನು ತಿದ್ದಲಾರದು; ಆದುದರಿಂದ ಮುಳ್ಳು ನೀಲದ್ದೋ ವಜ್ರದ್ದೋ ಆಗಬೇಕಾಯಿತು. ಇಲ್ಲಿಗೆ ಹಳೆಯ ಏರ್ಪಾಟು ತಲೆಕೆಳಗಾಯಿತು. ಈಗ ಗಟ್ಟಿಯಾದದ್ದು ಮುಳ್ಳು, ಸವೆಯತಕ್ಕದ್ದು ತಟ್ಟೆ. ಭಾರವು ಮೊದಲು ಆರೇಳು ಗ್ರಾಮಿಗೆ, ಬರಬರುತ್ತ ಒಂದೂವರೆ ಎರಡು ಗ್ರಾಮಿಗೆ ಇಳಿಯಿತು. ಹತ್ತು ಬೆಳ್ಳಿಯ ರೂಪಾಯಿಗಳಿದ್ದ ಕಡೆಯಲ್ಲಿ, ೧೯೫೭ರಲ್ಲಿ ಚಲಾವಣೆಗೆ ಬಂದ ಒಂದು ನಯಾ ಪೈಸೆಯಷ್ಟು ತೂಕ! ಅಕ್ಕಸಾಲಿಗರ ಲೆಕ್ಕದಲ್ಲಿ ಹನ್ನೆರಡು ಹದಿನಾರು ಗುಲಗಂಜಿ.

ನಮ್ಮ ದೇಶದಲ್ಲಿ ಈ ಬದಲಾವಣೆಯು ಮೆಲ್ಲನೆ ಬಂದಿತು. ೧೯೬೦ರ ದಶಕದ ನಡುವೆ ಇಂಗ್ಲೆಂಡಿನ ಬೀಟಲ್ಸ್ ತಂಡದ ಹಾಡುಗಳು ಕೂಡ ಭಾರತದಲ್ಲಿ ೭೮ ಸುತ್ತಿನ ತಟ್ಟೆಗಳಾಗಿ ಅಚ್ಚಾದುವು. ಹಳೆಯದೂ ಹೊಸದೂ ಒಂದೇ ಮನೆಯಲ್ಲಿ ಬಹುಕಾಲ ಬಾಳಿದುವು. ಹೊಸ ತಟ್ಟೆಯನ್ನು ಹಳೆಯ ಗ್ರಾಮಫೋನಿನ ಮೇಲೆ ಇಟ್ಟುಬಿಟ್ಟರೆ ಹತ್ತು ರೂಪಾಯಿಯ ಭಾರದ ಉಕ್ಕು ಮೃದುವಾದ ಜಾಡನ್ನು ಒಂದೇ ಓಟದಲ್ಲಿ ಉತ್ತುಬಿಡುವುದು. ಹಾಗೆ ಹಾಳಾದ ತಟ್ಟೆಯನ್ನು ಯಾವ ವಿದ್ಯೆಯೂ ಮತ್ತೆ ಹಾಡಿಸಲಾರದು.

ಇಷ್ಟನ್ನು ಕೇಳಿದ ಮೊಮ್ಮಗಳು, 'ಹಾಗಾದರೆ ನಾನು ಹೇಳಿದ್ದೇ ಸರಿ' ಎಂದು ಅಜ್ಜನ ಕಡೆ ನೋಡಿದಳು. ಇತಿಹಾಸವು ಹಗುರದ ಕಡೆಗೇ ನಡೆದಂತೆ ಕಾಣುವುದು ನಿಜ. ಆದರೆ ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡಬೇಕು. ಎರಡು ಗ್ರಾಂ ಭಾರದ ವಜ್ರದ ಮುಳ್ಳು ಜಾಡಿನ ಗೋಡೆಯನ್ನು ಮುಟ್ಟುವ ಜಾಗವು, ಒಂದು ಮಿಲಿಮೀಟರಿನ ನೂರನೆಯ ಒಂದು ಪಾಲು ಉದ್ದ, ಅಷ್ಟೇ ಅಗಲ ಎಂದು ಇಟ್ಟುಕೊಳ್ಳೋಣ. ಆ ಒತ್ತಡವನ್ನು ಚದರ ಸೆಂಟಿಮೀಟರಿಗೆ ಲೆಕ್ಕ ಹಾಕಿದರೆ ಎರಡು ಸಾವಿರ ಕಿಲೋಗ್ರಾಮಾಗುವುದು. ಸವೆದು ಚಪ್ಪಟೆಯಾದ ಹಳೆಯ ಉಕ್ಕಿನ ಮುಳ್ಳಿಗೆ ಮಿಲಿಮೀಟರಿನ ಹತ್ತನೆಯ ಒಂದು ಪಾಲು ಉದ್ದಗಲವನ್ನು ಕೊಟ್ಟು, ನೂರಿಪ್ಪತ್ತು ಗ್ರಾಂ ಭಾರವನ್ನು ಇಟ್ಟರೆ, ಸಾವಿರದ ಇನ್ನೂರು ಕಿಲೋಗ್ರಾಂ ಮಾತ್ರ. ಇದು ಅಂದಾಜಿನ ಲೆಕ್ಕವೇ ಸರಿ. ಆದರೂ ಸತ್ಯವನ್ನು ತೋರಿಸಲು ಸಾಕು. ಭಾರವು ಅರವತ್ತರಲ್ಲಿ ಒಂದು ಪಾಲಿಗೆ ಇಳಿದರೂ ಒತ್ತಡವು ಇಳಿಯಲಿಲ್ಲ. ಕಾಲುಮಣೆಯ ಮೇಲೆ ಕುಳಿತ ದಪ್ಪ ಮನುಷ್ಯನಿಗಿಂತ, ಮೊನೆಯ ಮೇಲೆ ನಿಂತ ಸಣ್ಣ ಮಗುವು ನೆಲವನ್ನು ಹೆಚ್ಚಾಗಿ ಚುಚ್ಚುವುದು. ಹಗುರವೆಂಬ ಮಾತಿನಿಂದ ಮೃದುವೆಂದು ಭಾವಿಸುವುದು ಮೊದಲನೆಯ ಭ್ರಮೆ.

ಎರಡನೆಯ ಭ್ರಮೆಯು ಇದಕ್ಕಿಂತ ದೊಡ್ಡದು. ಅದನ್ನು ನಾವು ಪುಸ್ತಕದಿಂದ ಕಲಿತದ್ದಲ್ಲ. ತಟ್ಟೆಯೊಂದನ್ನು ಕೆಡಿಸಿ ಕಲಿತದ್ದು. ಬಹು ವರ್ಷಗಳ ಹಿಂದೆ, ನಮಗೆ ಅತಿ ಪ್ರಿಯವಾದ ಒಂದು ತಟ್ಟೆಯನ್ನು ಉಳಿಸಿಕೊಳ್ಳಬೇಕೆಂಬ ಮಮತೆಯಿಂದ, ಎರಡು ಗ್ರಾಂ ಇರಬೇಕಾದ ಭಾರವನ್ನು ಒಂದು ಗ್ರಾಮಿಗೂ ಕೆಳಗೆ ಇಳಿಸಿ ಇಟ್ಟೆವು. ಮೆಲ್ಲನೆಯ ಆಲಾಪವು ಚೆನ್ನಾಗಿಯೇ ಬಂದಿತು. ತಾರಸ್ಥಾಯಿಗೆ ಏರಿ ತಾನಗಳು ಬಂದಾಗ ಗಂಟಲು ಕಟ್ಟಿದಂತೆ ಗರಗರ ಸದ್ದು. ಗಾಯಕರ ಗಂಟಲೇ ಹೀಗೆಂದು ತಿಂಗಳುಗಟ್ಟಲೆ ಕೇಳಿದೆವು. ಆಮೇಲೆ ಭಾರವನ್ನು ಸರಿಮಾಡಿದರೂ ಗರಗರವು ಹೋಗಲಿಲ್ಲ. ಅದು ಆಗಲೇ ಜಾಡಿನಲ್ಲಿ ಕೆತ್ತಿಹೋಗಿತ್ತು. ಆ ತಟ್ಟೆಯು ಇಂದಿಗೂ ನಮ್ಮ ಬಳಿ ಇದೆ; ತಾನ ಬರುವ ಮೊದಲೇ ಮುಳ್ಳನ್ನು ಎತ್ತಿಬಿಡುತ್ತೇವೆ.

ಇದರ ಕಾರಣವನ್ನು ದಾವಣಗೆರೆಯ ಹತ್ತಿಯ ಗಾಡಿಗಳನ್ನು ಕಂಡವರಿಗೆ ಹೇಳಬೇಕಾದದ್ದಿಲ್ಲ. ಅಂಡಿಗೆಗಳನ್ನು ಹೇರಿದ ಗಾಡಿಯು ಗಾಡಿಜಾಡಿನಲ್ಲಿ ಕುಳಿತು ಸಾಗುವುದು. ಖಾಲಿ ಗಾಡಿಯು ಕಲ್ಲು ಕಲ್ಲಿಗೂ ಹಾರಿ, ಕುಕ್ಕಿ, ಜಾಡಿನ ಅಂಚನ್ನು ಒಡೆಯುವುದು. ತಟ್ಟೆಯ ಜಾಡು ನುಣುಪಾದ ದಾರಿಯಲ್ಲ. ಧ್ವನಿಯ ಒಂದೊಂದು ಕಂಪನವೂ ಅದರಲ್ಲಿ ಒಂದು ತಿರುವು. ಒಂದು ಕ್ಷಣದಲ್ಲಿ ಸಾವಿರಾರು ಸಲ ತಿರುಗುವ ಆ ಗೋಡೆಯನ್ನು ಬಿಡದೆ ಹಿಡಿದಿರಲು ಮುಳ್ಳಿಗೆ ಕನಿಷ್ಠವಾದ ಒಂದು ಭಾರವು ಬೇಕೇ ಬೇಕು. ಅದು ಸಾಲದೆ ಹೋದರೆ ವಜ್ರವು ಗೋಡೆಯನ್ನು ಬಿಟ್ಟು ಹಾರಿ ಮತ್ತೆ ಬಂದು ಬಡಿಯುವುದು. ಹೆಚ್ಚು ಭಾರವು ತಟ್ಟೆಯನ್ನು ಮೆಲ್ಲಮೆಲ್ಲನೆ ಸವೆಸುವುದು. ಕಡಿಮೆ ಭಾರವು ಅದನ್ನು ಕೆತ್ತುವುದು.

ಹರಿಹರದ ಹಳೆಯ ಕೆಲಸಗಾರರೂ ಈ ಮಾತನ್ನು ಬಲ್ಲರು. ೧೯೪೧ರಲ್ಲಿ ಆ ಊರಿನಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಸ್ಥಾಪಿತವಾಗಿ, ಅಲ್ಲಿ ತಯಾರಾದ ಲೇತು ಯಂತ್ರಗಳು ನಾಡಿನಾಚೆಗೂ ಹೋದುವು. ಈ ಶತಮಾನದ ಆರಂಭದ ಹೊತ್ತಿಗೆ ಆ ಕಾರ್ಖಾನೆಯ ಸದ್ದು ಅಡಗಿತು; ಆದರೆ ಅದು ಕಲಿಸಿದ ಕೈಗಳು ಊರಿನಲ್ಲಿ ಇನ್ನೂ ಇವೆ. ಧ್ವನಿಯ ತಟ್ಟೆಯ ಮೂಲಪ್ರತಿಯನ್ನು ಕೊರೆಯುವ ಯಂತ್ರವೂ ಲೇತಿನ ಕುಲದ್ದೇ: ತಿರುಗುವ ತಟ್ಟೆ, ಒಂದೇ ನಡೆಯಲ್ಲಿ ಸರಿಯುವ ಉಳಿ, ಸುತ್ತುಸುತ್ತಾಗಿ ಬೀಳುವ ಗೆರೆ. ಲೇತಿನ ಮುಂದೆ ನಿಂತವನು ಉಳಿಯನ್ನು ಅತಿಯಾಗಿ ಒತ್ತಿದರೆ ಕಬ್ಬಿಣವು ಹರಿದುಬರುವುದು. ಉಳಿಯು ಸಡಿಲವಾಗಿ ಕುಳಿತಿದ್ದರೆ ಅದು ನಡುಗಿ, ಕಬ್ಬಿಣದ ಮೇಲೆ ಅಲೆಅಲೆಯಾದ ಗುರುತನ್ನು ಬಿಡುವುದು. ನಮ್ಮ ತಟ್ಟೆಯ ಮೇಲೆ ಬಿದ್ದ ಗರಗರವು ಅದೇ ಗುರುತು.

ಹರಿಹರವೆಂದ ಮೇಲೆ ಇನ್ನೊಂದು ಮಾತು ತಾನಾಗಿ ನೆನಪಿಗೆ ಬರುವುದು. ಹೊಯ್ಸಳರ ದಂಡನಾಯಕನಾದ ಪೋಲಾಳ್ವನು ೧೨೨೪ರಲ್ಲಿ ಕಟ್ಟಿಸಿದ ಹರಿಹರೇಶ್ವರನ ಗುಡಿಯಲ್ಲಿ ಒಂದೇ ವಿಗ್ರಹದ ಒಂದು ಪಕ್ಕವು ಹರಿ, ಇನ್ನೊಂದು ಪಕ್ಕವು ಹರ. ಇಂಗ್ಲೆಂಡಿನ ಬ್ಲಮ್ಲೀನನು ೧೯೩೧ರಲ್ಲಿ ಹಕ್ಕುಪತ್ರಕ್ಕಾಗಿ ಬರೆದುಕೊಟ್ಟ, ೧೯೫೮ರ ಹೊತ್ತಿಗೆ ಮಾರುಕಟ್ಟೆಗೆ ಬಂದ ಸ್ಟೀರಿಯೋ ತಟ್ಟೆಯ ಜಾಡು ಹೀಗೆಯೇ ಇದೆ. ಒಳಗಿನ ಗೋಡೆಯಲ್ಲಿ ಎಡಗಡೆಯ ಧ್ವನಿ, ಹೊರಗಿನ ಗೋಡೆಯಲ್ಲಿ ಬಲಗಡೆಯ ಧ್ವನಿ, ಎರಡಕ್ಕೂ ಮುಳ್ಳು ಒಂದೇ. ತೋಳಿನ ಬಾಗಿದ ಆಕಾರದಿಂದ ಮುಳ್ಳು ಸಹಜವಾಗಿ ತಟ್ಟೆಯ ನಡುವಿನ ಕಡೆಗೆ ಎಳೆಯಲ್ಪಡುವುದು. ಆಗ ಒಳಗೋಡೆಗೆ ಭಾರವು ಹೆಚ್ಚು, ಹೊರಗೋಡೆಗೆ ಕಡಿಮೆ. ಭಾರವು ಒಟ್ಟಿನಲ್ಲಿ ಸಾಲದಿದ್ದರೆ ಮೊದಲು ಕೆಡುವುದು ಕಡಿಮೆ ಭಾರ ಬಿದ್ದ ಬಲಗಡೆಯ ಧ್ವನಿ. ಅದಕ್ಕಾಗಿಯೇ ಒಳ್ಳೆಯ ತೋಳುಗಳಲ್ಲಿ, ಅದನ್ನು ಹೊರಕ್ಕೆ ಮೆಲ್ಲನೆ ಎಳೆಯುವ ಒಂದು ಏರ್ಪಾಟೂ ಇರುವುದು.

ಇನ್ನು ತೂಗುವ ವಿಧಾನ. ಚೌಕಿಪೇಟೆಯ ಮನೆಯಲ್ಲಿ ನಾವು ಮಾಡಿದ್ದನ್ನೇ ಹೇಳುವೆವು. ಮೊದಲು ನಾಣ್ಯವನ್ನು ತೆಗೆಯುವ ಮುನ್ನ ತೂಗಿದೆವು. ಹಿಂದೆ ಇದಕ್ಕೆ ಶೂರ್ ಎಂಬ ಅಮೆರಿಕದ ಸಂಸ್ಥೆಯ ಪುಟ್ಟ ಏತದಂಥ ತಕ್ಕಡಿ ಇತ್ತು: ಒಂದು ತುದಿಯಲ್ಲಿ ಮುಳ್ಳು, ಇನ್ನೊಂದು ತುದಿಯಲ್ಲಿ ಸರಿಯುವ ಬೊಟ್ಟು, ನಡುವೆ ಸಮವಾದಾಗ ಬೊಟ್ಟಿನ ಕೆಳಗಿನ ಗುರುತನ್ನು ಓದಬೇಕು. ಈಗ ಗ್ರಾಮಿನ ನೂರನೆಯ ಪಾಲನ್ನು ಅಂಕಿಗಳಲ್ಲಿ ತೋರಿಸುವ ಸಣ್ಣ ತಕ್ಕಡಿಗಳು ಸುಲಭವಾಗಿ ಸಿಗುವುವು. ಎರಡು ಎಚ್ಚರಿಕೆಗಳು ಮಾತ್ರ. ಮುಳ್ಳು ಕೂರುವ ಜಾಗವು ತಟ್ಟೆಯ ಮೇಲ್ಮೈಯಷ್ಟೇ ಎತ್ತರದಲ್ಲಿರಬೇಕು. ಎತ್ತರವು ಬದಲಾದರೆ ಕೆಲವು ತೋಳುಗಳಲ್ಲಿ ತೂಕವೂ ಬದಲಾಗುವುದು. ತಕ್ಕಡಿಯಲ್ಲಿ ಕಬ್ಬಿಣವಿರಬಾರದು, ಮುಳ್ಳಿನ ಹಿಂದಿರುವ ಅಯಸ್ಕಾಂತವು ಅದನ್ನು ಎಳೆದು ಸುಳ್ಳು ತೂಕವನ್ನು ಹೇಳಿಸುವುದು. ಅಂಕಿಯು ನಾಲ್ಕೂವರೆ ಗ್ರಾಮಿಗಿಂತ ಮೇಲೆ ನಿಂತಿತು. ಮುಳ್ಳಿನ ತಯಾರಕರು ಗೊತ್ತುಮಾಡಿದ್ದು ಒಂದೂವರೆಯಿಂದ ಎರಡು ಗ್ರಾಂ. ನಾಲ್ಕಾಣೆಯ ಉಕ್ಕಿನ ನಾಣ್ಯದ ತೂಕವೇ ಎರಡು ಮುಕ್ಕಾಲು ಗ್ರಾಮಿಗೆ ಮೇಲೆ.

ಯಜಮಾನರು ಆ ಅಂಕಿಯನ್ನು ಬಹಳ ಹೊತ್ತು ನೋಡಿದರು. “ಐವತ್ತು ವರ್ಷ ಹತ್ತಿ ತೂಗಿದ ಕೈ ರೀ ಇದು. ಇಷ್ಟು ಸಣ್ಣದು ತೂಗೋಕೆ ಬರಲಿಲ್ಲ ನೋಡ್ರಿ” ಎಂದರು. ಮಾತಿನಲ್ಲಿ ನಗೆಯಿತ್ತು, ನಗೆಯ ಕೆಳಗೆ ಬೇರೊಂದಿತ್ತು. ಎಷ್ಟು ತಟ್ಟೆಗಳ ಮೇಲೆ ಆ ನಾಣ್ಯವು ಓಡಿದೆಯೋ ಎಂಬುದನ್ನು ಅವರು ಮನಸ್ಸಿನಲ್ಲಿಯೇ ಎಣಿಸುತ್ತಿದ್ದರು.

ನಾಣ್ಯವನ್ನು ತೆಗೆದೆವು. ಯಂತ್ರವು ಸಮವಾದ ಮಣೆಯ ಮೇಲಿರಲಿಲ್ಲ. ಮುಳ್ಳು ಹಾರುತ್ತಿದ್ದುದಕ್ಕೆ ಅರ್ಧ ಕಾರಣವು ಅದೇ. ಕಾಲುಗಳ ಕೆಳಗೆ ರಟ್ಟನ್ನು ಕೊಟ್ಟು ಸಮಮಾಡಿದೆವು. ಹೊರಕ್ಕೆ ಎಳೆಯುವ ಏರ್ಪಾಟನ್ನು ಸೊನ್ನೆಗೆ ಇಟ್ಟು, ತೋಳಿನ ಹಿಂಬದಿಯ ಭಾರವನ್ನು ಮೆಲ್ಲನೆ ತಿರುಗಿಸುತ್ತ ಹೋದೆವು. ಒಂದು ಹಂತದಲ್ಲಿ ತೋಳು ಮೇಲಕ್ಕೂ ಹೋಗದೆ, ಕೆಳಕ್ಕೂ ಬೀಳದೆ, ಗಾಳಿಯಲ್ಲಿ ತಕ್ಕಡಿಯ ದಂಡಿಗೆಯಂತೆ ತೇಲಿ ನಿಂತಿತು. ಅದೇ ಸೊನ್ನೆ. ಅಲ್ಲಿ ಅಂಕಿಯ ಬಳೆಯನ್ನು ಸೊನ್ನೆಗೆ ಕೂಡಿಸಿ, ಬಳೆಯನ್ನೂ ಭಾರವನ್ನೂ ಒಟ್ಟಿಗೆ ಮುಂದಕ್ಕೆ ತಿರುಗಿಸಿ ಒಂದು ಮುಕ್ಕಾಲಿಗೆ ತಂದೆವು. ತಕ್ಕಡಿಯ ಮೇಲೆ ಮತ್ತೆ ಪರೀಕ್ಷಿಸಿ, ಒಂದೂ ಮುಕ್ಕಾಲಕ್ಕಿಂತ ತುಸು ಹೆಚ್ಚಾಗುವಂತೆ ಬಿಟ್ಟೆವು. ತಯಾರಕರು ಹೇಳಿದ ಎಲ್ಲೆಯೊಳಗೆ ಮೇಲುಗಡೆಗೆ ಇರುವುದೇ ಕ್ಷೇಮ. ಹೊರಕ್ಕೆ ಎಳೆಯುವ ಏರ್ಪಾಟನ್ನೂ ಅದೇ ಅಂಕಿಗೆ ತಂದೆವು. ಈ ಕೆಲಸವನ್ನೆಲ್ಲಾ ನಾವು ಹೇಳುತ್ತ ಹೋದಂತೆ ಮೊಮ್ಮಗಳೇ ತನ್ನ ಕೈಯಿಂದ ಮಾಡಿದಳು.

ಹಳೆಯ ೭೮ ಸುತ್ತಿನ ತಟ್ಟೆಗಳ ವಿಷಯದಲ್ಲಿ ಬೇರೆ ಏರ್ಪಾಟು ಬೇಕು. ದೀರ್ಘಾವಧಿಯ ತಟ್ಟೆಯ ಸಣ್ಣ ಮುಳ್ಳು ಅವುಗಳ ಅಗಲವಾದ ಜಾಡಿನ ತಳಕ್ಕೆ ಬಿದ್ದು, ಅಲ್ಲಿನ ಧೂಳನ್ನು ಮಾತ್ರ ಓದುವುದು. ಅವುಗಳಿಗೆಂದೇ ಅಗಲ ಮೊನೆಯ ಮುಳ್ಳನ್ನು ತರಿಸಿ, ಅದರ ತಯಾರಕರು ಹೇಳಿದಂತೆ ಮೂರು ನಾಲ್ಕು ಗ್ರಾಂ ಭಾರವನ್ನು ಇಡಬೇಕು. ಅಪೂರ್ವವಾದ ತಟ್ಟೆಯನ್ನು ಕೀ ಕೊಡುವ ಗ್ರಾಮಫೋನಿನ ಮೇಲೆ ಮತ್ತೆ ಮತ್ತೆ ಓಡಿಸಬಾರದು. ಓಡಿಸಲೇಬೇಕಾದರೆ ಪ್ರತಿಯೊಂದು ಸಲಕ್ಕೂ ಹೊಸ ಮುಳ್ಳು. ಅದಕ್ಕಿಂತ ಮುಖ್ಯವಾಗಿ, ಸರಿಯಾದ ಭಾರದಲ್ಲಿ ಒಂದು ಸಲ ಓದಿಸಿ, ಆ ಧ್ವನಿಯನ್ನು ಬೇರೊಂದು ಕಡೆ ಹಿಡಿದಿಡಬೇಕು. ನಮ್ಮ ನಾಡಿನ ಹಳೆಯ ಮನೆಗಳ ಅಟ್ಟದ ಮೇಲೆ ಇನ್ನೂ ಎಷ್ಟೋ ನಾಟಕದ ಹಾಡುಗಳು, ಹರಿಕಥೆಗಳು, ವಚನಗಾಯನಗಳು ಇಂಥ ಪೆಟ್ಟಿಗೆಗಳಲ್ಲಿ ಮಲಗಿವೆ. ಅವುಗಳಲ್ಲಿ ಕೆಲವಕ್ಕೆ ಇನ್ನೊಂದು ಪ್ರತಿಯೇ ಇರಲಾರದು.

ಕೊನೆಗೆ ಯಜಮಾನರು ತಾವು ಆರಿಸಿದ ಒಂದು ದೀರ್ಘಾವಧಿಯ ತಟ್ಟೆಯನ್ನು ತಂದುಕೊಟ್ಟರು. ಮುಳ್ಳು ಇಳಿಯಿತು. ಆಲಾಪವು ಚೆನ್ನಾಗಿಯೇ ನಡೆಯಿತು. ತಾನವು ಬಂದಾಗ ಧ್ವನಿಯು ತುಸು ಒಡೆಯಿತು. ನಾಣ್ಯದ ದಿನಗಳು ಬಿಟ್ಟುಹೋದ ಗುರುತು ಅದು. ಯಜಮಾನರು ಏನೂ ಹೇಳಲಿಲ್ಲ. ಅವರು ಎದ್ದು ಹೋಗಿ, ಪೆಟ್ಟಿಗೆಯ ತಳದಿಂದ 'ಇದನ್ನು ನಾಣ್ಯ ಅಂಟಿಸಿದ ಮೇಲೆ ಹಾಕಿಯೇ ಇಲ್ಲ' ಎಂದು ಇನ್ನೊಂದನ್ನು ತೆಗೆದುಕೊಂಡು ಬಂದರು. ಅದು ಮೊದಲಿನಿಂದ ಕೊನೆಯವರೆಗೆ ನಿರ್ಮಲವಾಗಿ ಹಾಡಿತು.

ಗುಲಗಂಜಿಯಷ್ಟು ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ ಎಂದು ಹೇಳುವುದು ನಮ್ಮ ಪೇಟೆಯ ಹಳೆಯ ನುಡಿ. ಚಿನ್ನಕ್ಕೆ ಸಲ್ಲುವ ಆ ನುಡಿಯು ಧ್ವನಿಗೂ ಸಲ್ಲುವುದೆಂದು ಕಂಡುಕೊಳ್ಳಲು ನಮಗೆ ಒಂದು ತಟ್ಟೆಯು ವೆಚ್ಚವಾಯಿತು. ದಾವಣಗೆರೆಯ ಆ ಮನೆಯಲ್ಲಿ ಇನ್ನೂ ಕೆಲವು. ಶ್ರೋತೃಗಳಲ್ಲಿ ಯಾರ ಮನೆಯಲ್ಲಾದರೂ ಅಂಥ ಪೆಟ್ಟಿಗೆಯಿದ್ದರೆ, ನಾಳೆಯೇ ಮುಳ್ಳಿನ ಭಾರವನ್ನು ಒಂದು ಸಲ ತೂಗಿ ನೋಡಲಿ. ಆಮೇಲೆ ತಟ್ಟೆಯನ್ನು ಹಾಕಲಿ.